ಏಳ್ನೂರು ಗ್ರಾಂ ವಿಮಾನ: ಫೋಮ್ ಬೋರ್ಡಿನಲ್ಲಿ ಕಟ್ಟಿ, ಕೊಯ್ಲಾದ ಗದ್ದೆಯಲ್ಲಿ ಹಾರಿಸುವ ಬಗೆ

ರಿಮೋಟಿನಲ್ಲಿ ಹಾರಿಸುವ ನನ್ನ ಮೊದಲ ಮಾದರಿ ವಿಮಾನದ ತೂಕ 1 ಕಿಲೋ 380 ಗ್ರಾಂ. ಅಂಗಡಿಗಳ ಬೋರ್ಡು ಮಾಡುವ ಸನ್‌ಬೋರ್ಡಿನಲ್ಲಿ ಕಟ್ಟಿದ್ದೆ. ನೋಡಲು ಚೆಂದ ಇತ್ತು, ಮುಟ್ಟಿದರೆ ಗಟ್ಟಿಯೂ ಇತ್ತು. ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಬೈಲಿನಲ್ಲಿ ಭಾವ ಅದನ್ನು ಎಸೆದರು. ಹತ್ತು ಮಾರು ಹೋಯಿತು, ಮೂತಿ ಎತ್ತಿತು, ಎಡ ರೆಕ್ಕೆ ಕೆಳಗೆ ಹಾಕಿ ನೆಲಕ್ಕೆ ಬಿತ್ತು. ಮೂರು ವಾರದ ಕೆಲಸ ನಾಲ್ಕು ಸೆಕೆಂಡಿಗೆ ಮುಗಿಯಿತು.

ಎರಡನೆಯದನ್ನು ಅಡುಗೆಮನೆಯ ತಕ್ಕಡಿ ಪಕ್ಕದಲ್ಲಿಟ್ಟುಕೊಂಡು ಕಟ್ಟಿದೆ. ಅದರ ತೂಕ 700 ಗ್ರಾಂ. ಆ ವಿಮಾನ ಇವತ್ತಿಗೂ ಹಾರುತ್ತಿದೆ. ನಡುವೆ ನಾಲ್ಕು ಸಲ ಮೂತಿ ಬದಲಾಗಿದೆ, ರೆಕ್ಕೆ ಒಮ್ಮೆ. ಹಾರಿಸುವ ಕೈಚಳಕ ನಿಧಾನಕ್ಕೆ ಬರುತ್ತದೆ. ತೂಕ ಮಾತ್ರ ಮೊದಲ ದಿನವೇ ಸರಿಯಾಗಬೇಕು. ಈ ಬರಹದಲ್ಲಿ ನಾನು ಮತ್ತೆ ಮತ್ತೆ ಗ್ರಾಂ ಲೆಕ್ಕಕ್ಕೆ ಬರುವುದು ಅದಕ್ಕೇ.

ಯಾವ ವಿಮಾನದಿಂದ ಶುರು ಮಾಡಬೇಕು

ಯುದ್ಧವಿಮಾನದ ಆಕಾರ ಬೇಡ, ಎರಡು ಮೋಟಾರೂ ಬೇಡ. ರೆಕ್ಕೆ ಮೇಲಿರಲಿ, ಮೈ ಕೆಳಗಿರಲಿ. ಹೀಗಿದ್ದರೆ ವಿಮಾನ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ. ರೆಕ್ಕೆಯ ಎರಡೂ ತುದಿ ಮಧ್ಯಕ್ಕಿಂತ ಎತ್ತರ ಇರಬೇಕು, ಅಗಲ 'ವಿ' ಹಾಗೆ. ಒಂದು ಕಡೆ ವಾಲಿದರೆ ತಾನೇ ಸರಿಮಾಡಿಕೊಳ್ಳುವ ಗುಣ ಈ ಎತ್ತರದಿಂದ ಬರುತ್ತದೆ.

ನನ್ನ ಸಲಹೆ ಮೂರು ಚಾನೆಲ್‌ನ ವಿಮಾನ. ಮೋಟಾರಿನ ವೇಗ, ಮೂತಿ ಮೇಲೆ ಕೆಳಗೆ ಮಾಡುವ ಎಲಿವೇಟರ್, ತಿರುಗಿಸುವ ರಡ್ಡರ್, ಇಷ್ಟೇ. ರೆಕ್ಕೆಯಲ್ಲಿ ಐಲೆರಾನ್, ಅಂದರೆ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ, ಇಲ್ಲ. ಇಂಥ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟಾರಿಗೆ ಸರ್ವೋ ಅಂತಾರೆ; ಎರಡು ಸರ್ವೋ ಕಮ್ಮಿ, ಅಷ್ಟೇ ವಯರೂ ಕಮ್ಮಿ, ಕೆಡುವ ಜಾಗವೂ ಕಮ್ಮಿ. "ಮುಂದೆ ಹೇಗೂ ನಾಲ್ಕು ಚಾನೆಲ್ ಕಲಿಯಬೇಕಲ್ವಾ, ಈಗಲೇ ಯಾಕಾಗಬಾರದು" ಅಂತ ಕೇಳುವವರಿದ್ದಾರೆ. ಕಲಿಯಬಹುದು. ಆದರೆ ಮೊದಲ ತಿಂಗಳು ಕಣ್ಣಿಗೂ ಕೈಗೂ ಹೊಂದಿಕೆ ಬರುವಷ್ಟರಲ್ಲಿ ವಿಮಾನ ಉಳಿದಿರಬೇಕು.

ತೂಕದ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಬರೆದಿಟ್ಟುಕೊಳ್ಳಿ. 2212 ಅಳತೆಯ, 1000 ಕೆವಿಯ ಬ್ರಷ್‌ಲೆಸ್ ಮೋಟಾರ್: ಮೌಂಟ್ ಸೇರಿ ಸುಮಾರು 60 ಗ್ರಾಂ. ಮೋಟಾರಿನ ವೇಗ ನಿಯಂತ್ರಿಸುವ 30 ಆಂಪ್‌ನ ಇಎಸ್‌ಸಿ: 25 ಗ್ರಾಂ. 3 ಸೆಲ್‌ನ, 11.1 ವೋಲ್ಟಿನ, 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ: 180 ಗ್ರಾಂ. 9 ಗ್ರಾಂನ ಸರ್ವೋ ಎರಡು. ರೇಡಿಯೋ ಸಂಕೇತ ಹಿಡಿಯುವ ರಿಸೀವರ್ 15 ಗ್ರಾಂ. 10×4.5 ಇಂಚಿನ ಪ್ರೊಪೆಲರ್ 10–15 ಗ್ರಾಂ. ಎಲ್ಲಾ ಸೇರಿ 310 ಗ್ರಾಂ ಆಸುಪಾಸು. ಉಳಿದ 390 ಗ್ರಾಂನಲ್ಲಿ ನೀವು ವಿಮಾನ ಕಟ್ಟಬೇಕು. ಅಂಟು, ಟೇಪು, ರಬ್ಬರ್ ಬ್ಯಾಂಡ್ ಎಲ್ಲಾ ಅದರೊಳಗೇ.

ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ. ಭಾರ ಇಲ್ಲದಾಗ 1 ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಹೇಳುವ ಅಂಕಿ ಅದು. ಕೆವಿ ಜಾಸ್ತಿ ಇದ್ದರೆ ಸಣ್ಣ ಪ್ರೊಪೆಲರ್, ಕಮ್ಮಿ ಇದ್ದರೆ ದೊಡ್ಡದು. 1400 ಕೆವಿಯ ಮೋಟಾರಿಗೆ 10 ಇಂಚಿನ ಪ್ರೊಪೆಲರ್ ಹಾಕಿದರೆ ಮೋಟಾರೂ ಇಎಸ್‌ಸಿಯೂ ಸುಡುತ್ತವೆ. ನಾನು ಹೇಳಿದ ಜೋಡಿಯಲ್ಲಿ ಸಿಗುವ ಎಳೆತ ವಿಮಾನದ ತೂಕಕ್ಕೆ ಹೆಚ್ಚುಕಡಿಮೆ ಸಮ ಇರುತ್ತದೆ. ಕಲಿಯುವವರಿಗೆ ಅದಕ್ಕಿಂತ ಜಾಸ್ತಿ ಬೇಡ.

ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ಆ ವಿಷಯದಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. 2.4 ಗಿಗಾಹರ್ಟ್ಸ್‌ನ, ಆರು ಚಾನೆಲ್‌ನ ಫ್ಲೈಸ್ಕೈ ಎಫ್‌ಎಸ್-ಐ6 ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವ ಸೆಟ್. ವಿಮಾನ ಮುರಿದರೂ ಅದು ಮುಂದಿನ ಐದು ವಿಮಾನಕ್ಕೆ ಬರುತ್ತದೆ. ಕೊಳ್ಳುವಾಗ 'ಮೋಡ್ 2' ಅಂತ ಕೇಳಿ. ಅದರಲ್ಲಿ ಮೋಟಾರಿನ ವೇಗದ ಕಡ್ಡಿ (ಸ್ಟಿಕ್) ಎಡಗೈಗೆ ಬರುತ್ತದೆ. ಚಾರ್ಜರ್ ಕೊಳ್ಳುವಾಗ ಸೆಲ್‌ಗಳನ್ನು ಸಮ ಮಾಡುವ ಬ್ಯಾಲೆನ್ಸ್ ಚಾರ್ಜರೇ ಆಗಬೇಕು.

1957ರಲ್ಲಿ ಇಂಗ್ಲೆಂಡಿನ ಎಚ್. ಜೆ. ಟ್ಯಾಪ್ಲಿನ್ ವಿದ್ಯುತ್ತಿನಿಂದ ಓಡುವ ರೇಡಿಯೋ ವಿಮಾನ ಹಾರಿಸಿದ್ದರು. ಆದರೂ ಮುಂದೆ ಹಲವು ದಶಕ ಹವ್ಯಾಸಿಗಳ ಕೈಯಲ್ಲಿ ಇದ್ದದ್ದು ಎಣ್ಣೆ ಎಂಜಿನ್ನೇ. ಆಗಿನ ಬ್ಯಾಟರಿಗಳ ಭಾರ ಅಷ್ಟಿತ್ತು. ಲಿಪೋ ಬ್ಯಾಟರಿ, ಬ್ರಷ್‌ಲೆಸ್ ಮೋಟಾರ್ ಎರಡೂ ಅಗ್ಗವಾದ ಮೇಲೆಯೇ ಇದು ನಮ್ಮಂಥವರ ಮೇಜಿಗೆ ಬಂತು. ಅಲ್ಲೂ ತೂಕದ್ದೇ ಕಥೆ.

ರೆಕ್ಕೆ

ಬೇಕಾದ್ದು 5 ಮಿ.ಮೀ ದಪ್ಪದ ಪೇಪರ್ ಫೋಮ್ ಬೋರ್ಡ್, ಎ1 ಅಳತೆಯದು, ಎರಡು ಹಾಳೆ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನ ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಭಾರ ಅನ್ನಿಸಿದರೆ ಅದು ಸನ್‌ಬೋರ್ಡ್, ಬಿಟ್ಟುಬಿಡಿ.

ರೆಕ್ಕೆಯ ಉದ್ದ 120 ಸೆಂ.ಮೀ, ಅಗಲ 20 ಸೆಂ.ಮೀ. ತಲಾ 60 ಸೆಂ.ಮೀನ ಎರಡು ತುಂಡು ಕತ್ತರಿಸಿ. ಬ್ಲೇಡು ಹೊಸದಿರಲಿ, ಹಳೆಯದು ಫೋಮನ್ನು ಹರಿಯುತ್ತದೆ. ಈಗ 10 ಸೆಂ.ಮೀ ಅಗಲದ ಇನ್ನೆರಡು ಪಟ್ಟಿ ಕತ್ತರಿಸಿ, ರೆಕ್ಕೆಯ ಮೇಲ್ಮೈಯಲ್ಲಿ, ಮುಂದಿನ ಅಂಚಿನಿಂದ ಅರ್ಧದವರೆಗೆ ಅಂಟಿಸಿ. ಅಂದರೆ ಮುಂದಿನ ಅರ್ಧ 10 ಮಿ.ಮೀ, ಹಿಂದಿನ ಅರ್ಧ 5 ಮಿ.ಮೀ, ನಡುವೆ ಒಂದು ಮೆಟ್ಟಿಲು. ಇದನ್ನು ಕ್ಲೈನ್-ಫೋಗಲ್‌ಮನ್ ರೆಕ್ಕೆ ಅಂತಾರೆ. ನಿಧಾನ ಹಾರುವ ಫೋಮ್ ವಿಮಾನಕ್ಕೆ ಚೆನ್ನಾಗಿ ಒಗ್ಗುತ್ತದೆ, ಕಟ್ಟಲೂ ಸುಲಭ. ಮುಂದಿನ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ದುಂಡಗೆ ಮಾಡಿ, ಮೇಲೆ ಟೇಪು ಹಾಕಿ.

ರೆಕ್ಕೆ ಮಡಚದ ಹಾಗೆ ಒಳಗೆ ಬೆನ್ನೆಲುಬು ಬೇಕು. ಪೇಟೆಯಿಂದ 4 ಮಿ.ಮೀ ಕಾರ್ಬನ್ ಕೊಳವೆ ತರಿಸಬಹುದು. ನಾನು ಬಿದಿರು ಸೀಳಿ ಮಾಡಿದೆ. ಬಲಿತ, ಒಣಗಿದ ಬಿದಿರಿನ ಹೊರಮೈಯಿಂದ 6 ಮಿ.ಮೀ ಅಗಲ, 3 ಮಿ.ಮೀ ದಪ್ಪದ ಸಲಾಕೆ ಸೀಳಿ, ಮೆಟ್ಟಿಲಿನ ಅಂಚಿಗೆ ಒತ್ತಿ ಅಂಟಿಸಿದೆ. ಅಡಿಕೆ ಸಲಾಕೆಯನ್ನೂ ನೋಡಿದ್ದೆ, ತೂಕ ಜಾಸ್ತಿ ಬಂತು.

ಎರಡು ಅರ್ಧ ಸೇರಿಸುವಾಗ ಒಂದನ್ನು ಮೇಜಿನ ಮೇಲೆ ಚಪ್ಪಟೆ ಇಡಿ, ಇನ್ನೊಂದರ ತುದಿಯ ಕೆಳಗೆ 12 ಸೆಂ.ಮೀ ಎತ್ತರಕ್ಕೆ ಪುಸ್ತಕ ಇಡಿ. ಸೇರುವ ಅಂಚನ್ನು ಆ ಓರೆಗೆ ಸರಿಯಾಗಿ ತಿಕ್ಕಿ, 5 ನಿಮಿಷದ ಎಪಾಕ್ಸಿ ಹಾಕಿ. ಬಿದಿರಿನ ಎರಡು ತುದಿ ಸೇರುವಲ್ಲಿ ತೆಳು ಪ್ಲೈವುಡ್ಡಿನ 'ವಿ' ತುಂಡು ಇಡಲು ಮರೆಯಬೇಡಿ. ವಿಮಾನದ ಇಡೀ ಭಾರ ಹೊರುವ ಜಾಗ ಅದೇ. ಕೊನೆಗೆ ಎರಡೂ ಕಡೆ ತುದಿ 6 ಸೆಂ.ಮೀ ಎತ್ತರಕ್ಕೆ ಬರುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ಹಾಟ್ ಗ್ಲೂ ಬೇಗ ಆಗುತ್ತದೆ, ಆದರೆ ಭಾರ. ಗೆರೆ ಎಳೆದ ಹಾಗೆ ತೆಳ್ಳಗೆ ಹಾಕಿ. ರಬ್ಬರಿಗೆ, ಚಪ್ಪಲಿಗೆ ಬಳಸುವ ಅಂಟು ಫೋಮನ್ನು ಕರಗಿಸುತ್ತದೆ. ಹೊಸ ಅಂಟು ಯಾವುದೇ ಇರಲಿ, ಮೊದಲು ಒಂದು ಚೂರಿನ ಮೇಲೆ ಹಾಕಿ ಹತ್ತು ನಿಮಿಷ ಕಾದು ನೋಡಿ.

ಮೈ ಮತ್ತು ಬಾಲ

ಮೈ ಎಂದರೆ ಒಂದು ಉದ್ದ ಪೆಟ್ಟಿಗೆ. ಹಾಳೆಯ ಪೂರ್ತಿ ಉದ್ದ, 84 ಸೆಂ.ಮೀ. ಮುಂದೆ 7 ಸೆಂ.ಮೀ ಅಗಲ, 8 ಸೆಂ.ಮೀ ಎತ್ತರ, ಹಿಂದೆ ಹೋದ ಹಾಗೆ ಕಿರಿದಾಗಲಿ. ಮೂತಿಯಿಂದ 18 ಸೆಂ.ಮೀ ಬಿಟ್ಟು ರೆಕ್ಕೆ ಕೂರುತ್ತದೆ. ರೆಕ್ಕೆಯ ಹಿಂದಿನ ಅಂಚಿನಿಂದ ಬಾಲದವರೆಗೆ 34 ಸೆಂ.ಮೀ. ರೆಕ್ಕೆ ಕೂರುವ ಜಾಗದಲ್ಲಿ ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧ ಸೆಂ.ಮೀ ಎತ್ತರ ಇರಲಿ.

ಅಡ್ಡ ಬಾಲ 42×12 ಸೆಂ.ಮೀ, ನೆಟ್ಟಗಿನದು 17×13. ಅಡ್ಡ ಬಾಲದ ಹಿಂದಿನ 4 ಸೆಂ.ಮೀ ಎಲಿವೇಟರ್, ನೆಟ್ಟಗಿನದರ ಹಿಂದಿನ 4 ಸೆಂ.ಮೀ ರಡ್ಡರ್. ಒಂದು ಬದಿಯ ಕಾಗದ ಉಳಿಸಿ, ಫೋಮನ್ನು 45 ಡಿಗ್ರಿ ಓರೆಗೆ ಕತ್ತರಿಸಿದರೆ ಅದೇ ತಿರುಗಣೆ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿ ಆದರೆ ಅದನ್ನು ತೂಗಿಸಲು ಮೂತಿಯಲ್ಲಿ ಎರಡು ಮೂರು ಗ್ರಾಂ ಸೇರಿಸಬೇಕಾಗುತ್ತದೆ. ಹಾಗಾಗಿ ಅಲ್ಲಿ ಬಣ್ಣ, ಸ್ಟಿಕ್ಕರ್ ಬೇಡ.

ಮೋಟಾರಿಗೆ 3 ಮಿ.ಮೀ ಪ್ಲೈವುಡ್ ತುಂಡು, ಎಪಾಕ್ಸಿಯಲ್ಲಿ. ಮೇಲಿಂದ ನೋಡಿದರೆ ಮೋಟಾರ್ 2 ಡಿಗ್ರಿ ಬಲಕ್ಕೆ, ಪಕ್ಕದಿಂದ ನೋಡಿದರೆ 2 ಡಿಗ್ರಿ ಕೆಳಕ್ಕೆ ಮುಖ ಮಾಡಿರಬೇಕು. ಪ್ರೊಪೆಲರ್ ತಿರುಗುವಾಗ ವಿಮಾನವನ್ನು ಎಡಕ್ಕೆ ಎಳೆಯುತ್ತದೆ, ವೇಗ ಕೊಟ್ಟಾಗ ಮೂತಿ ಮೇಲಕ್ಕೂ ಏಳುತ್ತದೆ. ಈ ಓರೆ ಎರಡನ್ನೂ ತಡೆಯುತ್ತದೆ. ವಾಷರ್ ಒಂದನ್ನು ಸ್ಕ್ರೂ ಕೆಳಗೆ ಇಟ್ಟರೆ ಓರೆ ಸಿಗುತ್ತದೆ.

ರೆಕ್ಕೆಯನ್ನು ಮೈಗೆ ಅಂಟಿಸಬೇಡಿ. ಮೈಯಲ್ಲಿ ಅಡ್ಡಕ್ಕೆ ಎರಡು ಬಿದಿರು ಕಡ್ಡಿ ತೂರಿಸಿ, ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಎಂಟು ಬ್ಯಾಂಡ್ ಬೇಕು. ಬಿದ್ದಾಗ ರೆಕ್ಕೆ ಕಳಚಿ ಬೀಳುತ್ತದೆ, ಮುರಿಯುವುದಿಲ್ಲ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಒಡೆಯುತ್ತದೆ, ತಿಂಗಳಿಗೊಮ್ಮೆ ಬದಲಿಸಿ.

ಚಕ್ರ ಹಾಕುವುದಿಲ್ಲ. ಗದ್ದೆಯ ಕೂಳೆಗೆ ಚಕ್ರ ಸಿಕ್ಕಿ ವಿಮಾನ ಮಗುಚುತ್ತದೆ. ಅದರ ಬದಲು ಹೊಟ್ಟೆಗೆ ಅಡಿಕೆ ಹಾಳೆ. ಬಿದ್ದ ಹಾಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ನೆರಳಲ್ಲಿ ಒಣಗಿಸಿ. ನಾರು ಮೂತಿಯಿಂದ ಬಾಲದ ಕಡೆಗೆ ಹೋಗುವ ಹಾಗೆ 4 ಸೆಂ.ಮೀ ಅಗಲ, 25 ಸೆಂ.ಮೀ ಉದ್ದದ ಪಟ್ಟಿ ಕತ್ತರಿಸಿ. ನುಣುಪು ಬದಿ ಹೊರಗೆ. ತೂಕ 10 ಗ್ರಾಂ ದಾಟುವುದಿಲ್ಲ. ಕೂಳೆಯ ಮೇಲೆ ಸರ್ರ್ ಎಂದು ಜಾರುತ್ತದೆ, ಸವೆದರೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ.

ವಯರು, ಸರ್ವೋ, ರೇಡಿಯೋ

ಈ ಕೆಲಸ ಮುಗಿಯುವವರೆಗೆ ಪ್ರೊಪೆಲರ್ ಮೋಟಾರಿನಲ್ಲಿ ಇರಬಾರದು. ಮೇಜಿನ ಮೇಲೆ 10 ಇಂಚಿನ ಪ್ರೊಪೆಲರ್ ಒಮ್ಮೆ ತಿರುಗಿದರೆ ಬೆರಳು ಹೋಗುತ್ತದೆ.

ಇಎಸ್‌ಸಿಯ ಮೂರು ವಯರನ್ನು ಮೋಟಾರಿನ ಮೂರು ವಯರಿಗೆ ಸೇರಿಸಿ. ಮೋಟಾರ್ ತಿರುಗುಮುರುಗಾಗಿ ತಿರುಗಿದರೆ ಯಾವುದಾದರೂ ಎರಡನ್ನು ಅದಲು ಬದಲು ಮಾಡಿ. ಬ್ಯಾಟರಿ ಕಡೆಯ ಕೆಂಪು ಕಪ್ಪನ್ನು ಮಾತ್ರ ಅದಲು ಬದಲು ಮಾಡಿದರೆ ಇಎಸ್‌ಸಿ ಅಲ್ಲೇ ಸತ್ತುಹೋಗುತ್ತದೆ. ಇಎಸ್‌ಸಿಯ ಸಣ್ಣ ಪ್ಲಗ್ ರಿಸೀವರಿನ 3ನೇ ಚಾನೆಲ್‌ಗೆ, ಎಲಿವೇಟರ್ ಸರ್ವೋ 2ನೆಯದಕ್ಕೆ. ರಡ್ಡರ್ ಸರ್ವೋವನ್ನು 4ಕ್ಕೆ ಹಾಕಬೇಡಿ, 1ಕ್ಕೆ ಹಾಕಿ. ಆಗ ತಿರುಗಿಸುವುದು ಬಲಗೈಗೆ ಬರುತ್ತದೆ. ಮುಂದೆ ಐಲೆರಾನ್ ಇರುವ ವಿಮಾನಕ್ಕೆ ಹೋದಾಗ ಕೈ ಬದಲಾಯಿಸಬೇಕಾಗಿಲ್ಲ.

ಸರ್ವೋದಿಂದ ಬಾಲಕ್ಕೆ 1.2 ಮಿ.ಮೀ ಸ್ಟೀಲ್ ಸರಿಗೆ. ದಾರಿಯಲ್ಲಿ ಎರಡು ಕಡೆ ಸ್ಟ್ರಾ ತುಂಡಿನೊಳಗೆ ಹಾಯಿಸಿ, ಇಲ್ಲದಿದ್ದರೆ ತಳ್ಳುವಾಗ ಸರಿಗೆ ಬಾಗುತ್ತದೆ. ಎಲಿವೇಟರ್ ಮೇಲಕ್ಕೆ 12 ಮಿ.ಮೀ, ಕೆಳಕ್ಕೆ 12 ಮಿ.ಮೀ ಸಾಕು. ರಡ್ಡರ್ 25 ಮಿ.ಮೀ. ಟ್ರಾನ್ಸ್‌ಮಿಟರಿನ ಮೆನುವಿನಲ್ಲಿ ಎಕ್ಸ್‌ಪೊ ಎಂಬುದನ್ನು 30 ಇಡಿ, ಕಡ್ಡಿಯನ್ನು ಮಧ್ಯದಿಂದ ಸ್ವಲ್ಪ ಸರಿಸಿದಾಗ ವಿಮಾನ ಮೆದುವಾಗಿ ತಿರುಗುತ್ತದೆ.

ವಿಮಾನದ ಹಿಂದೆ ನಿಂತು ನೋಡಿ. ಬಲಗೈ ಕಡ್ಡಿ ನಿಮ್ಮ ಕಡೆಗೆ ಎಳೆದರೆ ಎಲಿವೇಟರ್ ಮೇಲೆ ಏಳಬೇಕು. ಬಲಕ್ಕೆ ತಳ್ಳಿದರೆ ರಡ್ಡರ್ ಬಲಕ್ಕೆ ಹೋಗಬೇಕು. ಉಲ್ಟಾ ಇದ್ದರೆ ಮೆನುವಿನಲ್ಲಿ ರಿವರ್ಸ್ ಮಾಡಿ. ಆಮೇಲೆ ಫೇಲ್‌ಸೇಫ್: ಸಂಪರ್ಕ ತಪ್ಪಿದರೆ ಮೋಟಾರ್ ನಿಲ್ಲುವ ಹಾಗೆ ಹೊಂದಿಸಿ. ಪ್ರೊಪೆಲರ್ ಇಲ್ಲದೆಯೇ ಮೋಟಾರ್ ಓಡಿಸಿ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಂತರೆ ಸರಿ. ನಿಲ್ಲದಿದ್ದರೆ ಗದ್ದೆಗೆ ಹೋಗಬೇಡಿ.

ಎರಡು ಬೆರಳಿನ ಪರೀಕ್ಷೆ

ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಬ್ಯಾಟರಿ, ಪ್ರೊಪೆಲರ್, ರಬ್ಬರ್ ಬ್ಯಾಂಡ್ ಎಲ್ಲಾ ಇದ್ದು, ಹಾರಲು ಹೊರಟ ಹಾಗೆಯೇ ಇರಬೇಕು. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ 6 ಸೆಂ.ಮೀ ಹಿಂದೆ, ಎರಡೂ ಬದಿ ಪೆನ್ನಿನಲ್ಲಿ ಗೆರೆ ಹಾಕಿ. ಆ ಗೆರೆಯ ಮೇಲೆ ಎರಡು ತೋರುಬೆರಳು ಇಟ್ಟು ಎತ್ತಿ. ವಿಮಾನ ನೆಟ್ಟಗೆ ನಿಲ್ಲಬೇಕು, ಅಥವಾ ಮೂತಿ ಕೂದಲೆಳೆಯಷ್ಟು ಕೆಳಗೆ ಇರಬೇಕು. ಹೀಗೆ ತೂಕ ಸಮ ನಿಲ್ಲುವ ಜಾಗಕ್ಕೇ ಸಿಜಿ ಅಂತಾರೆ.

ಬಾಲ ಕೆಳಗೆ ಹೋಯಿತಾ? ಬ್ಯಾಟರಿ ಮುಂದೆ ಸರಿಸಿ. ಸರಿಸಿದ್ದು ಸಾಲದಿದ್ದರೆ ರಿಸೀವರ್ ಮುಂದೆ ತನ್ನಿ. ಸೀಸ ಸೇರಿಸುವುದು ಕೊನೆಯ ದಾರಿ. ಬಾಲ ಭಾರದ ವಿಮಾನ ಕೈ ಬಿಟ್ಟ ಕೂಡಲೇ ಮೂತಿ ಎತ್ತುತ್ತದೆ, ನೀವು ಇಳಿಸಲು ನೋಡಿದರೆ ನೆಲಕ್ಕೆ ಹಾರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಅನುಭವಸ್ಥರಿಗೂ ಆಗುವುದಿಲ್ಲ. ಮೂತಿ ಭಾರ ಇದ್ದರೆ ಸೋಮಾರಿಯಾಗಿ ಹಾರುತ್ತದೆ, ಅಷ್ಟೇ. ಬ್ಯಾಟರಿ ಸರಿಯಾದ ಜಾಗದಲ್ಲಿ ಕೂತ ಮೇಲೆ ಅಲ್ಲಿ ಪೆಟ್ಟಿಗೆಯ ಗೋಡೆಗೆ ಗೆರೆ ಎಳೆದಿಡಿ. ನನ್ನ ಮೊದಲ ವಿಮಾನ ಭಾರವೂ ಇತ್ತು, ಬಾಲ ಭಾರವೂ ಇತ್ತು. ಈ ಒಂದು ನಿಮಿಷದ ಪರೀಕ್ಷೆ ನಾನು ಮಾಡಿರಲಿಲ್ಲ.

ಎಲ್ಲಿ, ಯಾವಾಗ

ಸುಗ್ಗಿ ಬೆಳೆ ಕೊಯ್ದ ಮೇಲೆ ನಮ್ಮ ಬೈಲುಗಳು ಖಾಲಿ. ಮೇಲೆ ತೋಟ, ಕೆಳಗೆ ಗದ್ದೆ ಇರುವ ಕಿರಿದಾದ ಬೈಲು ಬೇಡ. ಎರಡೂ ಬದಿಯ ಕಂಗು ತೆಂಗುಗಳ ಹಿಂದೆ ಗಾಳಿ ಸುರುಳಿ ಸುತ್ತುತ್ತದೆ. ಕಡಿಮೆಯೆಂದರೂ 150 ಮೀಟರ್ ಉದ್ದ, 100 ಮೀಟರ್ ಅಗಲ ಬಯಲು ಇರಲಿ, ಕರೆಂಟಿನ ಕಂಬ ಇಲ್ಲದಿರಲಿ. ಮುರಕಲ್ಲಿನ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು, ವಿಶಾಲ, ಗಾಳಿಯೂ ಚೊಕ್ಕ. ಆದರೆ ಆ ಕಲ್ಲು ಫೋಮನ್ನು ತುರಿಯುವ ಮಣೆಯ ಹಾಗೆ ತುರಿಯುತ್ತದೆ. ವಿಮಾನ ಇಳಿಸಲು ಕಲಿತ ಮೇಲೆ ಆ ಪದವುಗಳಿಗೆ ಹೋಗಿ.

ಗದ್ದೆಯವರನ್ನು ಮೊದಲೇ ಕೇಳಿ. "ಉಂದು ಡ್ರೋನಾ?" ಅಂತ ತುಳುವಿನಲ್ಲಿ ಕೇಳುತ್ತಾರೆ, ಕ್ಯಾಮೆರಾ ಇಲ್ಲ ಅಂತ ಬಿಚ್ಚಿ ತೋರಿಸಿ.

ಸಮಯ ಬೆಳಿಗ್ಗೆ ಏಳರಿಂದ ಒಂಬತ್ತು. ಆಗ ಗಾಳಿ ಇರುವುದಿಲ್ಲ, ಇದ್ದರೂ ಮೂಡಣದಿಂದ ಮೆಲ್ಲಗೆ. ಬಿಸಿಲೇರಿದ ಮೇಲೆ ಪಡುವಣ ಕಡಲಗಾಳಿ ಏಳುತ್ತದೆ, ಏಳ್ನೂರು ಗ್ರಾಂ ವಿಮಾನಕ್ಕೆ ಅದು ಜಾಸ್ತಿ. ಜನವರಿಯಲ್ಲಿ ಕೂಳೆಯ ತುಂಬಾ ಇಬ್ಬನಿ ಇರುತ್ತದೆ. ಹಳೆಯ ತಾಡಪತ್ರಿ ಒಂದು ಹಾಸಿ ಅದರ ಮೇಲೆ ಎಲ್ಲಾ ಇಡಿ.

ಕಾನೂನೂ ಇದೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿದ, 2 ಕಿಲೋ ಒಳಗಿನ ವಿಮಾನ 'ಮೈಕ್ರೋ' ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಈ ವರ್ಗದಲ್ಲಿ ಪೈಲಟ್ ಪ್ರಮಾಣಪತ್ರ ಬೇಡ. ಹವ್ಯಾಸದ ಮಾದರಿ ವಿಮಾನವನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ. ನಿಮ್ಮ ಜಾಗ ಯಾವ ವಲಯದಲ್ಲಿದೆ, ನೋಂದಣಿ ಹೇಗೆ ಎಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ನೋಡಿ ಮುಗಿಸಿಕೊಂಡೇ ಹೊರಡಿ. ಕುಂಬಳೆ ಬೆಡಿಯಂಥ ಜಾತ್ರೆಯ ಜನರ ಮೇಲೆ, ಶಾಲೆ ಬಿಡುವ ಹೊತ್ತಿಗೆ ದಾರಿಯ ಮೇಲೆ ಯಾವತ್ತೂ ಹಾರಿಸಬೇಡಿ.

ಮೊದಲ ಹಾರಾಟ

ಅದಕ್ಕೆ ಮೊದಲು ಹತ್ತು ಗಂಟೆಯಾದರೂ ಸಿಮ್ಯುಲೇಟರ್. ಪಿಕಾಸಿಮ್ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಒಂದೇ ಒಂದು ವಿಷಯ ಕಲಿಯಿರಿ: ವಿಮಾನ ನಿಮ್ಮ ಕಡೆಗೆ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ಯಾವ ರೆಕ್ಕೆ ಕೆಳಗೆ ಬಗ್ಗಿದೆಯೋ ಕಡ್ಡಿಯನ್ನು ಆ ಕಡೆಗೇ ತಳ್ಳಿ. ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಈ ಉಪಾಯ ನನ್ನ ವಿಮಾನವನ್ನು ಎಷ್ಟೋ ಸಲ ಉಳಿಸಿದೆ.

ಗದ್ದೆಯಲ್ಲಿ ಮೊದಲು ಟ್ರಾನ್ಸ್‌ಮಿಟರ್ ಆನ್ ಮಾಡಿ, ಆಮೇಲೆ ಬ್ಯಾಟರಿ ಸೇರಿಸಿ. ಮುಗಿಸುವಾಗ ಮೊದಲು ಬ್ಯಾಟರಿ ತೆಗೆಯಿರಿ. ಪ್ರೊಪೆಲರಿನ ಅಕ್ಷರ ಇರುವ ಬದಿ ಮುಂದಕ್ಕೆ. ಪ್ರೊಪೆಲರ್ ಹಾಕಿದ ಮೇಲೆ ಯಾರೂ ಅದರ ಎದುರಿಗಾಗಲಿ ಪಕ್ಕದಲ್ಲಾಗಲಿ ನಿಲ್ಲಬಾರದು.

ಎಸೆಯಲು ಇನ್ನೊಬ್ಬರು ಇರಲಿ. ನಿಮ್ಮ ಎರಡೂ ಹೆಬ್ಬೆರಳು ಕಡ್ಡಿಯ ಮೇಲೇ ಇರಬೇಕು. ಚಿಟಿಕೆ ಒಣ ಮಣ್ಣು ಉದುರಿಸಿ ಗಾಳಿ ಎಲ್ಲಿಂದ ಅಂತ ನೋಡಿ, ಅದಕ್ಕೆ ಮುಖ ಮಾಡಿ. ಮೋಟಾರ್ ಮುಕ್ಕಾಲು. ನಾನು ಭಾವನಿಗೆ ಹೇಳುವುದು ಇಷ್ಟೇ: "ಮೇಲಕ್ಕೆ ಎಸೀಬೇಡಿ ಭಾವ, ದೂರದ ತೆಂಗಿನ ಬುಡಕ್ಕೆ ಗುರಿ ಇಟ್ಟು ನೇರ ತಳ್ಳಿ." ನಾಲ್ಕು ಹೆಜ್ಜೆ ಓಡಿ, ಈಟಿ ತಳ್ಳಿದ ಹಾಗೆ ಬಿಡಬೇಕು. ಬಿಟ್ಟ ಮೊದಲ ಕ್ಷಣ ವಿಮಾನ ಒಂದು ಗೇಣು ಇಳಿಯುತ್ತದೆ. ಹೆದರಿ ಕಡ್ಡಿ ಎಳೆಯಬೇಡಿ. ವೇಗ ಬಂದ ಕೂಡಲೇ ಏಳುತ್ತದೆ.

ಎರಡು ತೆಂಗಿನ ಮರದಷ್ಟು ಎತ್ತರ ಆಗುವವರೆಗೆ ನೇರ ಹೋಗಲಿ. ಅಲ್ಲಿ ಮೋಟಾರ್ ಅರ್ಧಕ್ಕೆ ಇಳಿಸಿ. ಕಡ್ಡಿ ಬಿಟ್ಟಾಗ ಎಡಕ್ಕೋ ಬಲಕ್ಕೋ ವಾಲಿದರೆ ಕಡ್ಡಿಯ ಪಕ್ಕದ ಟ್ರಿಮ್ ಗುಂಡಿ ಒತ್ತಿ ಸರಿಮಾಡಿ. ತಿರುಗಿಸುವಾಗ ರಡ್ಡರ್ ಸ್ವಲ್ಪ, ಜೊತೆಗೆ ಎಲಿವೇಟರ್ ಒಂದು ಚೂರು ಎಳೆತ. ಅಗಲವಾದ ಸುತ್ತು ಹಾಕಿ. ಮೂತಿ ಎತ್ತಿ ವಿಮಾನ ನಿಂತ ಹಾಗೆ ಕಂಡರೆ ಎಳೆಯಬೇಡಿ. ಕಡ್ಡಿ ಮುಂದೆ ತಳ್ಳಿ, ಮೂತಿ ಇಳಿಯಲಿ, ವೇಗ ಬರಲಿ. ಹದ್ದು ಹತ್ತಿರ ಬಂದರೆ ಇಳಿಸಿಬಿಡಿ, ಆಕಾಶ ಅದರದ್ದು.

ಸಮಯದ ಲೆಕ್ಕ ಹೀಗೆ. 2200 ಎಂಎಎಚ್‌ನಲ್ಲಿ ಬಳಸಬಹುದಾದ್ದು ಶೇಕಡಾ 80, ಅಂದರೆ 1.76 ಆಂಪ್-ಗಂಟೆ. ಸರಾಸರಿ 10 ಆಂಪ್ ಎಳೆದರೆ ಹತ್ತೂವರೆ ನಿಮಿಷ. ಟೈಮರ್ 7 ನಿಮಿಷಕ್ಕೆ ಇಡಿ. ಉಳಿದದ್ದು ಎರಡನೇ ಸಲ ಇಳಿಸಲು ನೋಡುವುದಕ್ಕೆ.

ಇಳಿಸುವಾಗ ಗಾಳಿಗೆ ಮುಖ ಮಾಡಿ ದೂರದಿಂದ ಬನ್ನಿ. ಮೋಟಾರ್ ಮೆಲ್ಲ ಕಡಿಮೆ ಮಾಡಿ, ಎತ್ತರ ತಾನೇ ಇಳಿಯುತ್ತದೆ. ಮೊಣಕಾಲೆತ್ತರಕ್ಕೆ ಬಂದಾಗ ಮೋಟಾರ್ ಪೂರ್ತಿ ನಿಲ್ಲಿಸಿ, ಎಲಿವೇಟರ್ ಒಂದಿಷ್ಟು ಎಳೆದು ಹಿಡಿಯಿರಿ. ಹಾಳೆ ಕೂಳೆಗೆ ತಾಗುವ ಸದ್ದು ಕೇಳುತ್ತದೆ. ಆ ಸದ್ದು ನನಗೆ ತುಂಬಾ ಇಷ್ಟ.

ಕಂಗಿನ ತಲೆಯಲ್ಲಿ ಸಿಕ್ಕಿಕೊಂಡರೆ ಮೊದಲು ಮೋಟಾರ್ ನಿಲ್ಲಿಸಿ. ಕಲ್ಲು ಎಸೆಯಬೇಡಿ. ಮದ್ದು ಬಿಡಲು, ಕೊಯ್ಯಲು ಬಳಸುವ ಕಾರ್ಬನ್ ಫೈಬರ್ ದೋಟಿ ಈಗ ಎಷ್ಟೋ ಮನೆಯಲ್ಲಿದೆ. ಅದರ ತುದಿಗೆ ಬಟ್ಟೆ ಸುತ್ತಿ ಮೆಲ್ಲ ಎತ್ತಿದರೆ ವಿಮಾನ ಜಾರಿ ಬರುತ್ತದೆ. ಕರೆಂಟಿನ ತಂತಿ ಹತ್ತಿರ ಇದ್ದರೆ ದೋಟಿ ಎತ್ತಲೇಬಾರದು, ಅದರ ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ವಿಮಾನದ ಮೈಯೊಳಗೆ ಫೋನ್ ನಂಬರ್ ಬರೆದಿಡಿ.

ಬ್ಯಾಟರಿ ಮತ್ತು ಮಳೆಗಾಲ

ಲಿಪೋ ಸೆಲ್ ತುಂಬಿದಾಗ 4.2 ವೋಲ್ಟ್. ಹಾರುವಾಗ 3.5ಕ್ಕಿಂತ ಕೆಳಗೆ ಹೋಗಬಾರದು. ಕೂಗುವ ಸಣ್ಣ ಅಲಾರಂ ಒಂದು ಸಿಗುತ್ತದೆ, ಅದನ್ನು 3.5ಕ್ಕೆ ಹೊಂದಿಸಿ ಸಿಕ್ಕಿಸಿ. 2200ರ ಬ್ಯಾಟರಿಗೆ ಚಾರ್ಜ್ 2.2 ಆಂಪ್, ಜಾಸ್ತಿ ಬೇಡ. ಚಾರ್ಜ್ ಆಗುವಾಗ ಎದುರಿಗೇ ಕೂತಿರಿ. ನಾನು ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಎರಡು ಇಂಚು ಒಣ ಹೊಯಿಗೆ ಹಾಕಿ, ಅದರ ಮೇಲೆ ಬ್ಯಾಟರಿ ಇಟ್ಟು, ಜಗಲಿಯ ಹೊರಗೆ ಚಾರ್ಜ್ ಮಾಡುತ್ತೇನೆ. ಊದಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. 12 ವೋಲ್ಟಿನ ಬಲ್ಬ್ ಸೇರಿಸಿ ಪೂರ್ತಿ ಖಾಲಿ ಮಾಡಿ, ಇ-ತ್ಯಾಜ್ಯಕ್ಕೆ ಕೊಡಿ.

ಜೂನ್ ಬಂದ ಮೇಲೆ ಸೆಪ್ಟೆಂಬರ್ ತನಕ ಹಾರಿಸುವುದು ಅಪರೂಪ. ಆ ತೇವಕ್ಕೆ ಫೋಮ್ ಬೋರ್ಡಿನ ಕಾಗದ ಉಬ್ಬಿ ಎದ್ದುಬರುತ್ತದೆ. ಮೇ ಮುಗಿಯುವ ಮೊದಲೇ ಎಲ್ಲಾ ಅಂಚಿಗೆ ಟೇಪು ಹಾಕಿ, ರಬ್ಬರ್ ಬ್ಯಾಂಡ್ ತೆಗೆದು, ರೆಕ್ಕೆಯನ್ನು ಚಪ್ಪಟೆ ಮಲಗಿಸಿ ಅಟ್ಟದ ಮೇಲೆ ಇಡಿ. ಗೋಡೆಗೆ ಒರಗಿಸಿದರೆ ತಿರುಚಿಕೊಳ್ಳುತ್ತದೆ. ಬ್ಯಾಟರಿಯನ್ನು ಸೆಲ್‌ಗೆ 3.8 ವೋಲ್ಟಿನಲ್ಲಿ ನಿಲ್ಲಿಸಿ. ರಿಸೀವರ್, ಸರ್ವೋ, ಟ್ರಾನ್ಸ್‌ಮಿಟರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಗೆ ಹಾಕಿ. ಆ ಮೂರು ತಿಂಗಳು ಎರಡನೇ ರೆಕ್ಕೆ ಕಟ್ಟಲು ಒಳ್ಳೆಯ ಸಮಯ. ಅದೇ ಮೈ, ಅದೇ ಮೋಟಾರ್. ಈ ಸಲ ತುದಿ ಎತ್ತರ 2 ಸೆಂ.ಮೀ ಸಾಕು, ಹಿಂದಿನ ಅಂಚಿನಲ್ಲಿ 4 ಸೆಂ.ಮೀನ ಐಲೆರಾನ್, ಸರ್ವೋ ಎರಡು. ರಡ್ಡರಿನ ಪ್ಲಗ್ ಈಗ 4ಕ್ಕೆ ಹೋಗಲಿ, ಐಲೆರಾನ್ 1ಕ್ಕೆ ಬರಲಿ. ಕಟ್ಟಿ ಮುಗಿದ ಮೇಲೆ ತಕ್ಕಡಿಗೆ ಹಾಕಿ, ತೂಕವನ್ನೂ 6 ಸೆಂ.ಮೀ ಗೆರೆಯನ್ನೂ ರೆಕ್ಕೆಯ ಅಡಿಯಲ್ಲಿ ಬರೆದಿಡಿ.